ಒಳಗೆ ತೊಳೆಯುವುದನ್ನು ಇವತ್ತೇ ನಿಲ್ಲಿಸಿ

ಪ್ರಶ್ನೆ: ಡಾಕ್ಟರ್ ಅಮ್ಮಾ, ನನಗೆ 27 ವರ್ಷ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಮೂರೂವರೆ ವರ್ಷವಾಯಿತು, ಮಕ್ಕಳಾಗಿಲ್ಲ. ಒಂದು ವರ್ಷದಿಂದ ಬಿಳಿ ಮುಟ್ಟು ಹೋಗುತ್ತಿದೆ, ಮೀನಿನಂಥ ವಾಸನೆ. ಗಂಡ ಹೆಂಡತಿ ಸೇರಿದ ಮೇಲೆ ವಾಸನೆ ಇನ್ನೂ ಜಾಸ್ತಿ. ಮೂರು ಸಲ ಮಾತ್ರೆ ತಗೊಂಡೆ, ಹೋಗಿ ಮತ್ತೆ ಬಂತು. ದಿನಕ್ಕೆರಡು ಸಲ ಬೆರಳು ಹಾಕಿ ಒಳಗೆಲ್ಲ ಲಿಕ್ವಿಡ್ ಸೋಪಿನಲ್ಲಿ ತೊಳೆದುಕೊಳ್ಳುತ್ತೇನೆ. ಅತ್ತೆ, ಇದು ಉಷ್ಣ, ಮೂಳೆ ಕರಗಿ ಹೋಗುತ್ತಿದೆ, ಅದಕ್ಕೇ ಮಗು ನಿಲ್ಲುತ್ತಿಲ್ಲ ಅನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು ಕಡೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋಗಿವೆ, ಹದಿನೈದು ಸಾವಿರದ ಮೈಕ್ರೋಬಯೋಮ್ ಪರೀಕ್ಷೆ ಮಾಡಿಸಿ ಅಂದರು. ಮಾಡಿಸಲೇ? ನನಗೆ ಸ್ಕ್ಯಾನಿಂಗ್, ಥೈರಾಯ್ಡ್, ಶುಗರ್ ಎಲ್ಲ ಆಗಿದೆ, ಸರಿ ಇದೆಯಂತೆ. ಯಜಮಾನರು ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಬಾಯ್ಲರ್ ಹತ್ತಿರ ಕೆಲಸ ಮಾಡುತ್ತಾರೆ. ಅವರಿಗೆ ಇನ್ನೂ ಯಾವ ಪರೀಕ್ಷೆಯೂ ಆಗಿಲ್ಲ.

ಉತ್ತರ: ನೋಡಮ್ಮಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಕೊನೆಯ ಎರಡು ಸಾಲಿನ ಮೇಲೆ. ಮೂರೂವರೆ ವರ್ಷದಲ್ಲಿ ಆದ ಪರೀಕ್ಷೆಗಳೆಲ್ಲ ನಿಮಗೇ. ಈಗ ಹೇಳುತ್ತಿರುವ ಹದಿನೈದು ಸಾವಿರದ್ದೂ ನಿಮಗೇ. ಆ ಮಾತಿಗೆ ಆಮೇಲೆ ಬರುತ್ತೇನೆ. ವರ್ಷದಿಂದ ನಿಮ್ಮನ್ನು ಕಾಡುತ್ತಿರುವುದು ವಾಸನೆ, ಹಾಗಾಗಿ ಅದನ್ನೇ ಮೊದಲು ನೋಡೋಣ.

ಮೂಳೆ ಕರಗುತ್ತಿಲ್ಲ. ಇದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ. ಬಿಳಿ ಸೆರಗು ಅನ್ನಿ, ಬಿಳಿ ಮುಟ್ಟು ಅನ್ನಿ, ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಹೇಳುವಂತೆ ತೆಲ್ಲಬಟ್ಟ ಅನ್ನಿ, ಅದರಲ್ಲಿ ಮೂಳೆಯೂ ಇಲ್ಲ, ಧಾತುವೂ ಇಲ್ಲ. ಗರ್ಭಕೊರಳಿನ ಲೋಳೆ, ಯೋನಿಯ ಒಳಗೋಡೆಯಿಂದ ಉದುರಿದ ಜೀವಕಣಗಳು, ನೀರು, ಅಲ್ಲಿ ವಾಸಿಸುವ ಬ್ಯಾಕ್ಟೀರಿಯಾ, ಅದರಲ್ಲಿ ಇರುವುದು ಇಷ್ಟೇ. ವಯಸ್ಸಿಗೆ ಬಂದ ಪ್ರತಿ ಹೆಣ್ಣಿಗೂ ಸ್ವಲ್ಪ ಸ್ರಾವ ಇದ್ದೇ ಇರುತ್ತದೆ. ಮುಟ್ಟಿನ ಎರಡು ವಾರಕ್ಕೆ ಮೊದಲು, ಅಂಡ ಬಿಡುಗಡೆಯಾಗುವ ಹೊತ್ತಿಗೆ, ಅದು ಹಸಿ ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗಿ ಬರುತ್ತದೆ. ಅದು ಕಾಯಿಲೆಯಲ್ಲ. ಮಗು ಬೇಕೆನ್ನುವವರು ಕಾಯಬೇಕಾದ ದಿನಗಳೇ ಅವು. ಅದನ್ನೂ ಕಾಯಿಲೆಯೆಂದು ತಿಳಿದು ಆ ದಿನಗಳಲ್ಲೇ ದೂರವಿರುವ ದಂಪತಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಆಗೆಲ್ಲ ತುಂಬಾ ಸಂಕಟವಾಗುತ್ತದೆ.

ಆದರೆ ನಿಮಗಿರುವುದು ಬೇರೆ. ಮೀನಿನ ವಾಸನೆ, ಗಂಡ ಹೆಂಡತಿ ಸೇರಿದ ಮೇಲೆ ಅದು ಹೆಚ್ಚುವುದು, ಮಾತ್ರೆಗೆ ಹೋಗಿ ಮತ್ತೆ ಬರುವುದು. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾರೆ, ಆದರೂ ಈ ಮೂರೂ ಸೇರಿದರೆ ನನ್ನ ಮೊದಲ ಅನುಮಾನ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್ ಮೇಲೆ. ಬಿ.ವಿ. ಎನ್ನೋಣ. ಇದು ನಿಮ್ಮೊಬ್ಬರ ಪಾಡೂ ಅಲ್ಲ. 2005–06ರ ಸುಮಾರಿಗೆ ಮೈಸೂರಿನಲ್ಲಿ 898 ಯುವತಿಯರನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಬಿ.ವಿ. ಇತ್ತು.

ಏನಾಗುತ್ತದೆ ನೋಡಿ. ಯೋನಿಯ ಒಳಗೋಡೆಯ ಕಣಗಳು ಈಸ್ಟ್ರೊಜೆನ್ ಹಾರ್ಮೋನಿನ ಪ್ರಭಾವದಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟವನ್ನು ಕೂಡಿಟ್ಟುಕೊಳ್ಳುತ್ತವೆ. ಆ ಪಿಷ್ಟ ಒಡೆದು ಬಂದ ಸಕ್ಕರೆಯನ್ನು ತಿಂದು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಮೊಸರಿಗೆ ಹುಳಿ ಕೊಡುವುದೂ ಇದೇ ಆಮ್ಲ. ಹುಳಿಯನ್ನು ಅಳೆಯುವ ಅಂಕಿಗೆ ಪಿ.ಎಚ್. ಎನ್ನುತ್ತೇವೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಆ ಆಮ್ಲದಿಂದ ಯೋನಿಯ ಪಿ.ಎಚ್. ಸಾಮಾನ್ಯವಾಗಿ 3.8ರಿಂದ 4.5ರ ಒಳಗಿರುತ್ತದೆ. ಅಷ್ಟು ಹುಳಿಯಲ್ಲಿ ಬೇರೆ ರೋಗಾಣುಗಳಿಗೆ ನೆಲೆಯೂರಲು ಆಗುವುದಿಲ್ಲ. ಜರ್ಮನಿಯ ಆಲ್ಬರ್ಟ್ ಡೋಡರ್ಲೈನ್ ಎಂಬ ವೈದ್ಯರು 1892ರಲ್ಲೇ ಈ ಬ್ಯಾಕ್ಟೀರಿಯಾಗಳನ್ನು ಗುರುತಿಸಿ ಬರೆದಿದ್ದರು. ಈಗ ಮೈಕ್ರೋಬಯೋಮ್, ಅಂದರೆ ಮೈಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಬಳಗ, ಎಂದು ಹೊಸ ಹೆಸರಿನಲ್ಲಿ ಹೇಳುತ್ತಿರುವ ಸಂಗತಿಯ ಬೇರು ಅಷ್ಟು ಹಳೆಯದು.

ಈ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾದರೆ ಹುಳಿ ಇಳಿಯುತ್ತದೆ. ಮೊದಲು ಅಲ್ಪಸಂಖ್ಯೆಯಲ್ಲಿ ಮೂಲೆಯಲ್ಲಿದ್ದ ಗಾರ್ಡ್‌ನರೆಲ್ಲಾದಂಥ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಅವು ಗೋಡೆಗೆ ಅಂಟಿಕೊಂಡು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ನೀರಿನ ತೊಟ್ಟಿಯ ಒಳಮೈಗೆ ಪಾಚಿ ಹಿಡಿಯುತ್ತದಲ್ಲ, ಹಾಗೆ. ಮಾತ್ರೆ ತೆಗೆದುಕೊಂಡಾಗ ಮೇಲಿನವು ಸಾಯುತ್ತವೆ, ಅಂಟಿಕೊಂಡ ಪದರದಲ್ಲಿ ಕೆಲವು ಉಳಿದು ಮತ್ತೆ ಚಿಗುರುತ್ತವೆ. ಸರಿಯಾದ ಔಷಧ ತೆಗೆದುಕೊಂಡವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಬಿ.ವಿ. ಮರಳುತ್ತದೆ. ಹಾಗಾಗಿ ಮೂರು ಸಲ ಬಂದದ್ದಕ್ಕೆ ನಿಮ್ಮ ಕೊಳಕು ಕಾರಣ ಎಂದು ಕೊರಗಬೇಡಿ.

ವಾಸನೆ ಗಂಡನ ಜೊತೆ ಸೇರಿದ ಮೇಲೇ ಯಾಕೆ ಹೆಚ್ಚು? ಇದನ್ನು ಕೇಳಲು ಹೆಂಗಸರು ಎಷ್ಟು ಹಿಂಜರಿಯುತ್ತಾರೆಂದರೆ ವರ್ಷಗಟ್ಟಲೆ ಹಾಸಿಗೆಯನ್ನೇ ದೂರವಿಡುತ್ತಾರೆ. ನೀವು ಬರೆದಿದ್ದು ಒಳ್ಳೆಯದಾಯಿತು. ಆ ಬ್ಯಾಕ್ಟೀರಿಯಾಗಳು ಅಮೈನ್ ಎಂಬ ರಾಸಾಯನಿಕಗಳನ್ನು ಮಾಡುತ್ತವೆ. ಹಳಸಿದ ಮೀನಿಗೆ ವಾಸನೆ ಕೊಡುವುದೂ ಅವುಗಳಲ್ಲೊಂದು. ಹುಳಿ ಇರುವಷ್ಟು ಹೊತ್ತು ಅವು ಕರಗಿ ಕೂತಿರುತ್ತವೆ, ಕ್ಷಾರ ತಗುಲಿದಾಗ ಆವಿಯಾಗಿ ಮೇಲೇಳುತ್ತವೆ. ವೀರ್ಯ ಕ್ಷಾರ ಗುಣದ್ದು, ಮುಟ್ಟಿನ ರಕ್ತವೂ ಸ್ವಲ್ಪ ಹಾಗೆಯೇ. ಅದಕ್ಕೇ ಆ ಎರಡು ಹೊತ್ತಿನಲ್ಲಿ ವಾಸನೆ ಎದ್ದು ಬರುತ್ತದೆ. ಇದರಲ್ಲಿ ಗಂಡನ ಮೇಲಾಗಲಿ ಹೆಂಡತಿಯ ಮೇಲಾಗಲಿ ಅನುಮಾನಪಡುವಂಥದ್ದು ಏನೂ ಇಲ್ಲ. ನಮ್ಮ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡುವಾಗಲೂ ಗಾಜಿನ ಪಟ್ಟಿಯ ಮೇಲಿನ ಸ್ರಾವಕ್ಕೆ ಒಂದು ತೊಟ್ಟು ಕ್ಷಾರ ಹಾಕಿ ಇದೇ ವಾಸನೆ ಬರುತ್ತದೆಯೇ ಎಂದು ನೋಡುತ್ತೇವೆ.

ಈಗ ತೊಳೆಯುವ ವಿಷಯ. ಇದು ನನಗೆ ತುಂಬಾ ಮುಖ್ಯ. ನಿಮ್ಮ ಕಡೆಯವರಿಗೆ ರೋಗಾಣು ಅಂದರೆ ಏನೆಂದು ಚೆನ್ನಾಗಿ ಗೊತ್ತು. ಒಂದು ಬೆಳೆ ಮುಗಿದು ಇನ್ನೊಂದು ಚಾಕಿ, ಅಂದರೆ ಎಳೆಯ ರೇಷ್ಮೆಹುಳು, ತರುವ ಮೊದಲು ಹುಳು ಸಾಕುವ ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದು, ಸುಣ್ಣ ಹಾಕಿ, ತಟ್ಟೆಗಳನ್ನು, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ತೊಳೆದು ಒಣಗಿಸುತ್ತೀರಿ. ಹುಳುವಿನ ಮನೆಗೆ ಅದು ಸರಿ. ಆದರೆ ಮೈಯ ಈ ಜಾಗ ಹುಳುವಿನ ಮನೆಯಂತಲ್ಲ, ಹೆಪ್ಪಿನ ಕುಡಿಕೆಯಂತೆ. ಹೆಪ್ಪಿನ ಕುಡಿಕೆಯನ್ನು ದಿನಕ್ಕೆರಡು ಸಲ ಸೋಪು ಹಾಕಿ ಉಜ್ಜಿದರೆ ಮೊಸರು ಎಲ್ಲಿಂದ ಆಗಬೇಕು? ಸೋಪು ಕ್ಷಾರ. ಆಂಟಿಸೆಪ್ಟಿಕ್ ದ್ರಾವಣ ಒಳ್ಳೆಯದು ಕೆಟ್ಟದ್ದು ಎರಡನ್ನೂ ಕೊಲ್ಲುತ್ತದೆ. ಒಳಗೆ ತೊಳೆದುಕೊಳ್ಳುವ ಅಭ್ಯಾಸ ಇರುವವರಲ್ಲಿ ಬಿ.ವಿ. ಹೆಚ್ಚು ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ವಾಸನೆ ಬಂತೆಂದು ನೀವು ತೊಳೆಯುತ್ತೀರಿ, ತೊಳೆದದ್ದಕ್ಕೆ ಹುಳಿ ಹೋಗುತ್ತದೆ, ಹುಳಿ ಹೋದದ್ದಕ್ಕೆ ವಾಸನೆ ಮರಳುತ್ತದೆ. ಹೊರಗಿನ ಭಾಗವನ್ನು ದಿನಕ್ಕೊಮ್ಮೆ ಬರೀ ನೀರಿನಲ್ಲಿ ತೊಳೆಯಿರಿ, ಸಾಕು. ಬೆರಳು ಒಳಗೆ ಹೋಗುವುದು ಬೇಡ. ಮೆಡಿಕಲ್ ಸ್ಟೋರಿನಲ್ಲಿ ಪಿ.ಎಚ್. ಸರಿ ಮಾಡುತ್ತದೆಂದು ಮಾರುವ ವಾಶ್‌ಗಳೂ ಒಳಕ್ಕೆ ಬೇಡ. ಮೊಸರನ್ನೋ ಬೆಳ್ಳುಳ್ಳಿಯನ್ನೋ ಒಳಗಿಡಲು ಯಾರಾದರೂ ಹೇಳಿದರೆ ಅದೂ ಬೇಡ. ಆಮ್ಲ ಒಂದೇ ಆದರೂ ಮೊಸರಿನ ಬ್ಯಾಕ್ಟೀರಿಯಾ ಬೇರೆ ಜಾತಿಯವು, ಅವು ಅಲ್ಲಿ ನೆಲೆ ನಿಲ್ಲುವುದಿಲ್ಲ. ಮೊಸರನ್ನು ಮುದ್ದೆ ಉಂಡ ಮೇಲೆ ಅನ್ನಕ್ಕೆ ಕಲಸಿಕೊಂಡು ತಿನ್ನಿ.

ಮೂರು ಸಲ ತಗೊಂಡ ಮಾತ್ರೆ ಯಾವುದು, ಎಷ್ಟು ದಿನ ಎಂದು ನೀವು ಬರೆದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದನ್ನು ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಕ್ಷಣ ನೋಡಿ ಕೊಡುವ ಬಣ್ಣದ ಕಿಟ್‌ಗಳಿವೆ. ಯೋನಿಯ ಸೋಂಕಿಗೆ ಹಸಿರು ಕಿಟ್, ಅದರಲ್ಲಿ ಒಂದೇ ಹೊತ್ತಿಗೆ ನುಂಗುವ ಮಾತ್ರೆಗಳಿರುತ್ತವೆ. ಸೂಕ್ಷ್ಮದರ್ಶಕ ಇಲ್ಲದ ಕಡೆ ಅದು ದೊಡ್ಡ ಉಪಕಾರವೇ. ಆದರೆ ಮರಳಿ ಮರಳಿ ಬರುವವರಿಗೆ ಊಹೆಯ ಮೇಲೆ ನಾಲ್ಕನೇ ಸಲ ಮಾತ್ರೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಬಿ.ವಿ., ಬೂಷ್ಟಿನ (ಫಂಗಸ್) ಸೋಂಕು, ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕು, ಈ ಮೂರಕ್ಕೂ ಜನ ಬಿಳಿ ಮುಟ್ಟು ಎಂದೇ ಹೇಳುತ್ತಾರೆ, ಔಷಧ ಮಾತ್ರ ಬೇರೆ ಬೇರೆ. ಬೂಷ್ಟಿನ ಸೋಂಕಿನಲ್ಲಿ ಒಡೆದ ಮೊಸರಿನಂಥ ಸ್ರಾವ, ವಿಪರೀತ ತುರಿಕೆ, ವಾಸನೆ ಅಷ್ಟಾಗಿ ಇರುವುದಿಲ್ಲ. ಟ್ರೈಕೊಮೊನಾಸ್ ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದು, ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಔಷಧ ತಗೊಳ್ಳಬೇಕು. ಯಾವುದೆಂದು ತಿಳಿಯಲು ಒಂದು ಚೂರು ಪಿ.ಎಚ್. ಕಾಗದ, ಒಂದು ತೊಟ್ಟು ಕ್ಷಾರ, ಒಂದು ಸೂಕ್ಷ್ಮದರ್ಶಕ, ಹತ್ತು ನಿಮಿಷ ಬೇಕು. ಬಿ.ವಿ. ಪತ್ತೆಗೆ ನಾವು ಇಂದಿಗೂ ಅನುಸರಿಸುವ ನಾಲ್ಕು ಲಕ್ಷಣಗಳ ಕ್ರಮ 1983ರದ್ದು: ತೆಳುವಾದ ಸ್ರಾವ, 4.5 ದಾಟಿದ ಪಿ.ಎಚ್., ಕ್ಷಾರ ಹಾಕಿದಾಗ ವಾಸನೆ, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಮೆತ್ತಿಕೊಂಡ ಜೀವಕಣಗಳು. ನಾಲ್ಕರಲ್ಲಿ ಮೂರಿದ್ದರೆ ಬಿ.ವಿ.

ಬಿ.ವಿ. ಎಂದು ಖಚಿತವಾದರೆ ಮೆಟ್ರೊನಿಡಜೋಲ್ ಮಾತ್ರೆ 7 ದಿನ, ಇಲ್ಲವೇ ಕ್ಲಿಂಡಾಮೈಸಿನ್ ಕ್ರೀಮ್ 7 ರಾತ್ರಿ. ಮಾತ್ರೆಯಿಂದ ಬಾಯಿ ಕಹಿಯಾಗಿ ಕಬ್ಬಿಣ ನೆಕ್ಕಿದಂತಾಗುತ್ತದೆ. ವಾಸನೆಯೂ ಮೂರನೇ ದಿನಕ್ಕೆ ಹೋಗಿರುತ್ತದೆ, ಅಲ್ಲಿಗೇ ಬಿಡುತ್ತಾರೆ. ಬಿಡಬೇಡಿ.

ಇನ್ನೊಂದು ಹೊಸ ವಿಷಯವಿದೆ. ಬಿ.ವಿ.ಗೆ ಗಂಡನಿಗೆ ಔಷಧ ಕೊಟ್ಟು ಪ್ರಯೋಜನವಿಲ್ಲ ಎಂದೇ ನಮಗೆ ಕಲಿಸಿದ್ದು, ನಾನೂ ಇಷ್ಟು ವರ್ಷ ಹಾಗೇ ಹೇಳಿಕೊಂಡು ಬಂದೆ. ಹಿಂದಿನ ಪ್ರಯೋಗಗಳಲ್ಲಿ ಗಂಡಸರಿಗೆ ಮಾತ್ರೆ ಮಾತ್ರ ಕೊಟ್ಟಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಗಂಡಸರಿಗೆ 7 ದಿನ ಮಾತ್ರೆಯ ಜೊತೆಗೆ ಶಿಶ್ನದ ಚರ್ಮಕ್ಕೆ ಕ್ಲಿಂಡಾಮೈಸಿನ್ ಕ್ರೀಮನ್ನೂ ಹಚ್ಚಿಸಿದರು. ಹೆಂಡತಿಗೆ ಮಾತ್ರ ಔಷಧ ಕೊಟ್ಟ ಜೋಡಿಗಳಲ್ಲಿ 12 ವಾರದೊಳಗೆ ಶೇ. 63ರಷ್ಟು ಹೆಂಗಸರಿಗೆ ಬಿ.ವಿ. ಮರಳಿತು, ಇಬ್ಬರಿಗೂ ಕೊಟ್ಟಲ್ಲಿ ಶೇ. 35ರಷ್ಟು ಮಂದಿಗೆ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ನಿಮ್ಮಂತೆ ಮತ್ತೆ ಮತ್ತೆ ಬರುವವರಲ್ಲಿ ಗಂಡನಿಗೂ ಔಷಧ ಕೊಡುವುದನ್ನು ನಾನು ಈಗ ಶುರು ಮಾಡಿದ್ದೇನೆ. ನಿಮ್ಮ ವೈದ್ಯರೊಂದಿಗೆ ಈ ಮಾತು ತೆಗೆಯಿರಿ, ಸಂಕೋಚ ಬೇಡ.

ಸರಿ, ಮಗುವಿನ ಪ್ರಶ್ನೆ. ಬಿ.ವಿ. ಇದ್ದರೆ ಗರ್ಭ ನಿಲ್ಲುವುದೇ ಇಲ್ಲವೇ? ಹಾಗಿಲ್ಲ. ಬಿ.ವಿ. ಇದ್ದೂ ಬಸುರಾಗಿ ಹೆತ್ತವರು ಲೆಕ್ಕವಿಲ್ಲದಷ್ಟು ಮಂದಿ. ಹಾಗೆಂದು ಸಂಬಂಧವೇ ಇಲ್ಲ ಎಂದೂ ಹೇಳಲಾರೆ. ಮಕ್ಕಳಾಗದೆ ಬರುವ ಹೆಂಗಸರಲ್ಲಿ, ಅದರಲ್ಲೂ ಗರ್ಭನಾಳ ಕಟ್ಟಿಕೊಂಡವರಲ್ಲಿ, ಬಿ.ವಿ. ಹೆಚ್ಚಾಗಿ ಕಾಣುತ್ತದೆ. ಯೋನಿಯ ಹುಳಿ ಹೋದಾಗ ಕ್ಲಮೈಡಿಯಾ, ಗೊನೊರಿಯಾದಂಥ ಸೋಂಕುಗಳಿಗೆ ದಾರಿ ಸುಲಭವಾಗುತ್ತದೆ. ಅವು ಮೇಲೇರಿ ಗರ್ಭನಾಳಕ್ಕೆ ಹೋದರೆ ಉರಿಯೂತ ಬಂದು ನಾಳದ ಒಳಗೆ ಅಂಟಿಕೊಳ್ಳುತ್ತದೆ. ವೀರ್ಯಾಣು ಅಂಡ ಸೇರುವ ಜಾಗವೇ ನಾಳ. ಕ್ಲಮೈಡಿಯಾ ಎಷ್ಟೋ ಸಲ ನೋವು ಜ್ವರ ಯಾವುದನ್ನೂ ತೋರಿಸದೆ ಈ ಹಾನಿ ಮಾಡಿ ಮುಗಿಸಿರುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಲೇಬೇಕು, ಕ್ಷಯ. ಕೆಮ್ಮೇ ಇಲ್ಲದೆ ಗರ್ಭನಾಳಕ್ಕೆ ಮಾತ್ರ ಬರುವ ಕ್ಷಯವಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ ಎಂದು ನೆನಪು ಮಾಡಿಕೊಂಡು ವೈದ್ಯರಿಗೆ ಹೇಳಿ.

ಆ ಹದಿನೈದು ಸಾವಿರದ ಪರೀಕ್ಷೆ ಬೇಡ ಎನ್ನುತ್ತೇನೆ, ಕಾರಣವನ್ನೂ ಕೊಡುತ್ತೇನೆ. ಅದು ಸ್ರಾವದಲ್ಲಿರುವ ಬ್ಯಾಕ್ಟೀರಿಯಾಗಳ ಡಿ.ಎನ್.ಎ. ಓದಿ ಯಾವ ಜಾತಿ ಎಷ್ಟಿದೆ ಎಂದು ಪಟ್ಟಿ ಕೊಡುತ್ತದೆ. ವಿದ್ಯೆ ಸುಳ್ಳಲ್ಲ. 2011ರಲ್ಲಿ ಅಮೆರಿಕದಲ್ಲಿ ಯಾವ ತೊಂದರೆಯೂ ಇಲ್ಲದ 396 ಹೆಂಗಸರನ್ನು ಹೀಗೇ ಪರೀಕ್ಷಿಸಿದಾಗ ಐದು ಬಗೆಯ ಗುಂಪುಗಳು ಕಂಡವು. ನಾಲ್ಕರಲ್ಲಿ ಒಂದೊಂದು ಜಾತಿಯ ಲ್ಯಾಕ್ಟೋಬ್ಯಾಸಿಲಸ್ ಮೇಲುಗೈ. ಐದನೆಯದರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕಡಿಮೆ, ಬೇರೆ ಬೇರೆಯವು ಬೆರೆತಿದ್ದವು. ಆ ಐದನೇ ಗುಂಪಿನಲ್ಲಿ ಸುಮಾರು ಕಾಲುಭಾಗದಷ್ಟು ಹೆಂಗಸರಿದ್ದರು, ಅವರೂ ಆರೋಗ್ಯವಾಗೇ ಇದ್ದವರು. ಒಳ್ಳೆಯವು ಕಡಿಮೆ ಎಂದು ವರದಿ ಬಂದ ಮಾತ್ರಕ್ಕೆ ಕಾಯಿಲೆ ಎಂದಾಗುವುದಿಲ್ಲ. ಮುಟ್ಟಿನ ದಿನಗಳಲ್ಲಿ ತೆಗೆದ ಮಾದರಿಗೂ ಎರಡು ವಾರ ಬಿಟ್ಟು ತೆಗೆದದ್ದಕ್ಕೂ ಪಟ್ಟಿ ಬದಲಾಗಬಹುದು. ಇನ್ನು, ಆ ಪಟ್ಟಿ ನೋಡಿ ಚಿಕಿತ್ಸೆ ಕೊಟ್ಟರೆ ಮಗುವಾಗುತ್ತದೆಯೇ? ಕೆಲವು ಸಣ್ಣ ಅಧ್ಯಯನಗಳು ಗರ್ಭಕೋಶದೊಳಗೆ ಲ್ಯಾಕ್ಟೋಬ್ಯಾಸಿಲಸ್ ಹೆಚ್ಚಿದ್ದವರಲ್ಲಿ ಭ್ರೂಣ ಚೆನ್ನಾಗಿ ನೆಲೆಗೊಳ್ಳುತ್ತದೆ ಎಂದು ಆಸೆ ಹುಟ್ಟಿಸಿದವು. ಆದರೆ ಡೆನ್ಮಾರ್ಕಿನಲ್ಲಿ ಐ.ವಿ.ಎಫ್.ಗೆ, ಅಂದರೆ ಪ್ರನಾಳ ಶಿಶು ಚಿಕಿತ್ಸೆಗೆ, ಬಂದವರ ಮೇಲೆ ಕ್ರಮಬದ್ಧ ಪ್ರಯೋಗ ಮಾಡಿ, ಬ್ಯಾಕ್ಟೀರಿಯಾ ಏರುಪೇರಾಗಿದ್ದವರಿಗೆ ಔಷಧವನ್ನೂ ಒಳ್ಳೆಯ ಲ್ಯಾಕ್ಟೋಬ್ಯಾಸಿಲಸನ್ನೂ ಕೊಟ್ಟು ನೋಡಿದಾಗ, ಗರ್ಭ ನಿಂತವರ ಪ್ರಮಾಣ ಹೆಚ್ಚಲಿಲ್ಲ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘವೂ 2023ರಲ್ಲಿ ಇಂಥ ಪರೀಕ್ಷೆಗಳನ್ನು ವಾಡಿಕೆಯಾಗಿ ಮಾಡಬಾರದು ಎಂದಿದೆ. ಸಂಶೋಧನೆ ಮುಂದುವರಿಯಲಿ, ಅದರಿಂದ ಒಳ್ಳೆಯದೇ ಆಗಬಹುದು. ಆದರೆ ನಿಮ್ಮ ದುಡಿಮೆಯ ಹದಿನೈದು ಸಾವಿರ ಅದಕ್ಕೆ ಹೋಗಬೇಕಾಗಿಲ್ಲ.

ಈಗ ಆ ಕೊನೆಯ ಸಾಲು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣ ಒಂದೇ ಆಗಿಯೋ ಹೆಣ್ಣಿನ ಕಾರಣದ ಜೊತೆ ಸೇರಿಯೋ ಇರುತ್ತದೆ. ವೀರ್ಯ ಪರೀಕ್ಷೆಗೆ ಆಗುವುದು ಕೆಲವೇ ನೂರು ರೂಪಾಯಿ. ಅದಾಗದೆ ನಿಮ್ಮನ್ನು ಮೂರೂವರೆ ವರ್ಷ ಪರೀಕ್ಷಿಸಿದ್ದಾರೆ ಎಂದರೆ ನನಗೆ ಸಿಟ್ಟು ಬರುತ್ತದೆ, ನಿಮ್ಮ ಮನೆಯವರ ಮೇಲಲ್ಲ, ಕೇಳದೆ ಬಿಟ್ಟ ನಮ್ಮ ವೈದ್ಯರ ಮೇಲೆ. ಅದೂ ಅವರು ಬಾಯ್ಲರ್ ಬಳಿ ಕೆಲಸ ಮಾಡುವವರು! ವೃಷಣಗಳು ದೇಹದ ಹೊರಗೆ ತೂಗುತ್ತಿರುವುದೇ ಮೈ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪಾಗಿರಲಿ ಎಂದು. ದಿನಗಟ್ಟಲೆ ಬೆಂಕಿಯ, ಹಬೆಯ ಕಾವಿನಲ್ಲಿ ನಿಂತರೆ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ತಗ್ಗಬಹುದು. ಅತ್ತೆಯವರು ಹೇಳುವ ಉಷ್ಣವನ್ನು ಹುಡುಕುವುದಾದರೆ ಮೊದಲು ಅಲ್ಲಿ ಹುಡುಕಬೇಕು. ಇದು ಅವರ ತಪ್ಪಲ್ಲ, ದುಡಿಮೆಯ ಜಾಗದ ತೊಂದರೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಹಿಡಿಯುತ್ತದೆ. ಹಾಗಾಗಿ ಕಡಿಮೆ ಎಂದು ಬಂದರೆ ಅವರು ಘಟಕದಲ್ಲೇ ಕಾವಿಲ್ಲದ ಬೇರೆ ಕೆಲಸಕ್ಕೆ ಸರಿದು, ಬೀಡಿ ಸಿಗರೇಟು ಇದ್ದರೆ ಬಿಟ್ಟು, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಮಾದರಿ ಕೊಡುವ ಮೊದಲು ಎರಡರಿಂದ ಏಳು ದಿನ ಸೇರಿರಬಾರದು. ಗಂಡಸರು ಇದಕ್ಕೆ ಒಪ್ಪುವುದು ಕಷ್ಟ, ನನಗೆ ಗೊತ್ತು. ಅತ್ತೆಯ ಬಾಯಿಂದ ಹೇಳಿಸಿ ನೋಡಿ. ಅವರಿಗೂ ಮೊಮ್ಮಗು ಬೇಕಿದೆ.

ಒಂದು ಭಯವನ್ನು ಇಲ್ಲೇ ಕಳೆಯುತ್ತೇನೆ. ಹುಳಿ ಇದ್ದರೆ ವೀರ್ಯಾಣು ಸಾಯುವುದಿಲ್ಲವೇ, ತೊಳೆದರೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ವೀರ್ಯದ ಕ್ಷಾರ ಆ ಹುಳಿಯನ್ನು ತಕ್ಷಣ ತಗ್ಗಿಸುತ್ತದೆ, ಚುರುಕಾದ ವೀರ್ಯಾಣುಗಳು ನಿಮಿಷಗಳಲ್ಲೇ ಗರ್ಭಕೊರಳಿನ ಲೋಳೆಗೆ ಸೇರಿಬಿಡುತ್ತವೆ. ಅಲ್ಲಿ ಐದು ದಿನದವರೆಗೂ ಬದುಕಬಲ್ಲವು. ಅಂಡ ಬದುಕುವುದು ಒಂದು ದಿನ. ಅದಕ್ಕೇ ಮೊಟ್ಟೆಯ ಬಿಳಿಯಂಥ ಸ್ರಾವ ಕಂಡ ದಿನಗಳಲ್ಲಿ ದಿನ ಬಿಟ್ಟು ದಿನ ಸೇರಿದರೂ ಸಾಕು. ಸೇರಿದ ಮೇಲೆ ಎದ್ದು ಹೋಗಿ ಒಳಗೆ ತೊಳೆಯಬೇಡಿ.

ಇನ್ನು ಕ್ರಮ. ಮೊದಲು ಸೋಂಕಿನ ಪರೀಕ್ಷೆ ಮತ್ತು ಚಿಕಿತ್ಸೆ, ಅದೇ ವಾರ ಅವರ ವೀರ್ಯ ಪರೀಕ್ಷೆ. ಆಮೇಲೆ ಬೇಕಾದರೆ ನಾಳ ತೆರೆದಿದೆಯೇ ಎಂದು ನೋಡುವ ಟ್ಯೂಬ್ ಟೆಸ್ಟ್, ಮುಟ್ಟು ನಿಂತ ಮೇಲಿನ ದಿನಗಳಲ್ಲಿ. ಸೋಂಕು ಇರುವಾಗಲೇ ಟ್ಯೂಬ್ ಟೆಸ್ಟಿಗೆ ಹೋಗಬೇಡಿ, ಒತ್ತಿ ಬಿಡುವ ದ್ರವದ ಜೊತೆ ಕೆಳಗಿನ ಸೋಂಕು ಮೇಲಕ್ಕೆ ಹೋಗಬಹುದು. ಫೋಲಿಕ್ ಆಮ್ಲದ ಮಾತ್ರೆ ಈಗಿನಿಂದಲೇ ದಿನಕ್ಕೊಂದು ಇರಲಿ. ಮುಂದೆ ಬಸುರಾದಾಗ ಈ ಬಿಳಿ ಮುಟ್ಟಿನ ಇತಿಹಾಸವನ್ನು ಮರೆಯದೆ ಹೇಳಿ. ಬಸುರಿಯಲ್ಲಿ ಬಿ.ವಿ. ಇದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಹೆಚ್ಚು, ಲಕ್ಷಣ ಕಂಡರೆ ಆಗಲೇ ಚಿಕಿತ್ಸೆ ಬೇಕಾಗುತ್ತದೆ. ಈ ನಡುವೆ ಕೆಳಹೊಟ್ಟೆ ನೋವಿನ ಜೊತೆ ಜ್ವರ ಬಂದರೆ, ಅಥವಾ ಸೇರಿದಾಗ ರಕ್ತ ಕಂಡರೆ, ಕಾಯದೆ ಅದೇ ದಿನ ಹೋಗಿ.

ದುಡ್ಡಿನ ಚಿಂತೆ ಬೇಡ. ಜಿಲ್ಲಾ ಆಸ್ಪತ್ರೆಗಳಲ್ಲಿ, ಚಿಕ್ಕಬಳ್ಳಾಪುರದಲ್ಲೂ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಯಲ್ಲೂ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗವಿದೆ. ಜಿಲ್ಲಾ ಮಟ್ಟದಲ್ಲಿ ಸುರಕ್ಷಾ ಕ್ಲಿನಿಕ್ ಹೆಸರಿನಲ್ಲಿ ಇಂಥ ಸೋಂಕುಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಾರೆ. ಮುಟ್ಟು ಮುಗಿದು ನಾಲ್ಕೈದು ದಿನ ಬಿಟ್ಟು ಹೋಗಿ. ಹೋಗುವ ಮುಂಚಿನ ಎರಡು ದಿನ ಸೇರುವುದು ಬೇಡ, ಯಾವ ಕ್ರೀಮೂ ಬೇಡ. ಹಳೆಯ ಚೀಟಿಗಳು, ನುಂಗಿದ ಮಾತ್ರೆಗಳ ಖಾಲಿ ಪಟ್ಟಿ ಸಿಕ್ಕರೆ ಅದನ್ನೂ ತಗೊಂಡು ಹೋಗಿ. ಯಜಮಾನರನ್ನು ಹೊರಗೆ ಬೆಂಚಿನ ಮೇಲೆ ಕೂರಿಸದೆ ಡಾಕ್ಟರ ಎದುರಿಗೇ ಜೊತೆಯಲ್ಲಿ ಕೂರಿಸಿಕೊಳ್ಳಿ. ಆ ದಿನ ಬೆಳಿಗ್ಗೆ ವಾಸನೆ ಎಷ್ಟೇ ಇದ್ದರೂ ಒಳಗೆ ತೊಳೆಯದೆ ಹೋಗಿ. ಪರೀಕ್ಷಿಸುವವರಿಗೆ ಬೇಕಾದದ್ದೇ ಅದು, ಅದಕ್ಕಾಗಿ ನೀವು ನಾಚಬೇಕಾಗಿಲ್ಲ.